ನೊರೆ ಮತ್ತು ಪೊರೆ

(ಬಾನುಲಿ ಭಾಷಣ)

ಕನ್ನಡದಲ್ಲಿ ‘ಪೊರೆ’ ಎಂಬುದು ಪುಟ್ಟ ಮಾತು. ಆದರೆ ಅದರ ಹರವು ದೊಡ್ಡದು. ಹಾವು ಕಳಚುವುದು ಪೊರೆ. ವಯಸ್ಸಾದವರ ಕಣ್ಣಿಗೆ ಬರುವುದು ಪೊರೆ. ಈರುಳ್ಳಿಯನ್ನು ಬಿಡಿಸುವಾಗ ಪದರಗಳ ನಡುವೆ ಬೆರಳಿಗೆ ಅಂಟುವ ತೆಳುಹಾಳೆಯೂ ಪೊರೆಯೇ. ಇದೇ ಮಾತನ್ನು ಕ್ರಿಯಾಪದವಾಗಿ ಬಳಸಿದಾಗ ಕಾಪಾಡು, ಸಾಕಿ ಸಲಹು ಎಂಬ ಅರ್ಥ ಬರುತ್ತದೆ. ‘ನಮ್ಮನ್ನು ಪೊರೆ’ ಎಂದು ದೇವರಲ್ಲಿ ಮೊರೆಯಿಡುವ ಭಕ್ತನಿಗೆ ಹಾವಿನ ಪೊರೆ ನೆನಪಾಗಲಾರದು. ಆದರೂ ಜೀವವಿಜ್ಞಾನವನ್ನು ಸ್ವಲ್ಪವಾದರೂ ಓದಿದವನಿಗೆ ಈ ಎರಡು ಅರ್ಥಗಳು ಒಂದೇ ಮಾತಿನಲ್ಲಿ ಕೂಡಿಕೊಂಡಿರುವುದು ಬಹು ಸೊಗಸಾಗಿ ಕಾಣುತ್ತದೆ. ಏಕೆಂದರೆ ನಮ್ಮ ಮೈಯ ಒಂದೊಂದು ಜೀವಕೋಶವನ್ನೂ ಹಗಲಿರುಳು ಪೊರೆಯುತ್ತಿರುವುದು ಒಂದು ಪೊರೆ. ಅದು ಇರುವವರೆಗೆ ಕೋಶಕ್ಕೆ ಒಳಗು ಎಂಬುದೊಂದು, ಹೊರಗು ಎಂಬುದೊಂದು. ಅದು ಹರಿದ ಗಳಿಗೆ ಒಳಗಿನದು ಹೊರಗೆ, ಹೊರಗಿನದು ಒಳಗೆ. ಅಲ್ಲಿಗೆ ಆ ಕೋಶದ ಕಥೆ ಮುಗಿಯಿತು.

ಈ ಪೊರೆಯನ್ನು ತೂತು ಮಾಡಬಲ್ಲ, ಅದರ ಬಾಗಿಲುಗಳಿಗೆ ಅಗುಳಿ ಹಾಕಬಲ್ಲ ವಸ್ತುಗಳನ್ನು ಕಡಲಿನ ಕೆಲವು ಪ್ರಾಣಿಗಳು ತಮ್ಮ ಮೈಯಲ್ಲೇ ಇಟ್ಟುಕೊಂಡಿವೆ. ಇಂದಿನ ನನ್ನ ಮಾತು ಅವುಗಳನ್ನು ಕುರಿತದ್ದು. ಆದರೆ ಕಡಲಿಗೆ ಇಳಿಯುವ ಮುನ್ನ ಒಮ್ಮೆ ನಮ್ಮ ಬಚ್ಚಲುಮನೆಗೆ ಹೋಗಿ ಬರೋಣ.

ಎಣ್ಣೆ ಹಚ್ಚಿದ ತಲೆಗೆ ಸೀಗೆಪುಡಿಯನ್ನೋ ಅಂಟುವಾಳ ಕಾಯಿಯ ರಸವನ್ನೋ ಹಾಕಿ ತಿಕ್ಕಿಸಿಕೊಂಡ ನೆನಪು ನಮ್ಮಲ್ಲಿ ಹಲವರಿಗೆ ಇದೆ. ಅಂಟುವಾಳದ ಸಿಪ್ಪೆಯನ್ನು ನೀರಿನಲ್ಲಿ ನೆನೆಹಾಕಿ ಕಿವುಚಿದರೆ ಎದ್ದು ಬರುವ ನೊರೆ ಸಾಬೂನಿನ ನೊರೆಗೆ ಏನೂ ಕಡಮೆಯಿಲ್ಲ. ಈ ನೊರೆಗೆ ಕಾರಣವಾದ ವಸ್ತುಗಳಿಗೆ ರಸಾಯನಶಾಸ್ತ್ರದಲ್ಲಿ ಸಪೋನಿನ್‌ಗಳು ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಸಾಬೂನಿಗೆ ‘ಸಾಪೋ’ ಎನ್ನುತ್ತಾರೆ. ನಾವು ಆಡುವ ‘ಸಾಬೂನು’ ಎಂಬ ಮಾತಿನ ಬೇರು ಕೂಡ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಸಪೋನಿನ್ನಿನ ಅಣುವಿಗೆ ಎರಡು ಮುಖ. ಒಂದು ಕಡೆ ನೀರನ್ನು ಬಯಸುವ ಸಕ್ಕರೆಯ ಸರಪಳಿ. ಇನ್ನೊಂದು ಕಡೆ ಎಣ್ಣೆಯನ್ನು ಬಯಸುವ, ಇಂಗಾಲದ ಉಂಗುರಗಳಿಂದಾದ ಭಾಗ. ಎಣ್ಣೆಯನ್ನು ಒಂದು ಕೈಯಲ್ಲಿ, ನೀರನ್ನು ಇನ್ನೊಂದು ಕೈಯಲ್ಲಿ ಹಿಡಿಯಬಲ್ಲದ್ದರಿಂದಲೇ ಅದು ತಲೆಯ ಜಿಡ್ಡನ್ನು ತೊಳೆದು ಹಾಕುತ್ತದೆ.

ಇದೇ ವಸ್ತುವಿಗೆ ಇನ್ನೊಂದು ಬಳಕೆಯೂ ಇತ್ತು. ಬೇಸಗೆಯಲ್ಲಿ ಹಳ್ಳದ ನೀರು ಇಳಿದು ಅಲ್ಲಲ್ಲಿ ಗುಂಡಿಗಳಷ್ಟೇ ಉಳಿದಾಗ ಕೆಲವು ಕಾಡುಕಾಯಿಗಳನ್ನೋ ತೊಗಟೆಗಳನ್ನೋ ಜಜ್ಜಿ ನೀರಿಗೆ ಕದಡಿ ಮೀನು ಹಿಡಿಯುವ ಪದ್ಧತಿ ಮಲೆನಾಡಿನಲ್ಲಿ ಹಿಂದಿನಿಂದ ಬಂದದ್ದು. ಸ್ವಲ್ಪ ಹೊತ್ತಿಗೆ ಮೀನುಗಳು ಮತ್ತೇರಿದವುಗಳಂತೆ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಹಾಗೆ ಬಳಸುವ ಕಾಯಿಗಳಲ್ಲಿ ಹಲವು ಸಪೋನಿನ್ ಉಳ್ಳವು. ನಮ್ಮ ತಲೆಯನ್ನು ತೊಳೆಯುವ ವಸ್ತು ಮೀನಿಗೆ ಏಕೆ ಮೃತ್ಯುವಾಗಬೇಕು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಕಡಲಿಗೆ ಹೋಗೋಣ.

ಪೆಸಿಫಿಕ್ ಸಾಗರದ ದ್ವೀಪಗಳಲ್ಲಿಯೂ ಇಂಥದೇ ಪದ್ಧತಿಯೊಂದು ಉಂಟು. ಇಳಿತದ ವೇಳೆಯಲ್ಲಿ ಬಂಡೆಗಳ ನಡುವಿನ ಹೊಂಡಗಳಲ್ಲಿ ಸಿಕ್ಕಿಕೊಂಡ ಮೀನುಗಳನ್ನು ಹಿಡಿಯಲು ಅಲ್ಲಿಯ ಜನ ಒಂದು ವಸ್ತುವನ್ನು ಕತ್ತರಿಸಿ ಹಿಂಡಿ ನೀರಿಗೆ ಹಾಕುತ್ತಿದ್ದರು. ವ್ಯತ್ಯಾಸ ಇಷ್ಟೇ: ಅದು ಕಾಯಿಯಲ್ಲ, ತೊಗಟೆಯಲ್ಲ, ಒಂದು ಪ್ರಾಣಿ. ಅದೇ ಕಡಲ ಸೌತೆ.

ಹೆಸರು ಕೇಳಿ ತರಕಾರಿ ಎಂದು ಭಾವಿಸಬಾರದು. ಕಡಲ ಸೌತೆ ನಕ್ಷತ್ರಮೀನಿನ ದಾಯಾದಿ. ಸೌತೆಕಾಯಿಯ ಆಕಾರ, ತೊಗಲಿನಂಥ ಮೈ. ತಮಿಳುನಾಡಿನ ಕರಾವಳಿಯ ಬೆಸ್ತರು ಇದನ್ನು ‘ಕಡಲ್ ಅಟ್ಟೈ’, ಎಂದರೆ ಕಡಲ ಜಿಗಣೆ ಎಂದು ಕರೆಯುತ್ತಾರೆ. ಕಡಲತಳದ ಮರಳನ್ನೂ ಕೆಸರನ್ನೂ ಬಾಯಿಗೆ ತುಂಬಿಕೊಂಡು, ಅದರಲ್ಲಿನ ಆಹಾರದ ಅಂಶವನ್ನು ಉಳಿಸಿಕೊಂಡು, ಮಿಕ್ಕದ್ದನ್ನು ಹಿಂದೆ ಬಿಡುತ್ತ ತೆವಳುವುದೇ ಅದರ ಬದುಕು. ಓಡಲು ಕಾಲಿಲ್ಲ, ಈಜಲು ರೆಕ್ಕೆಯಿಲ್ಲ, ಕಚ್ಚಲು ಹಲ್ಲಿಲ್ಲ, ಮರೆಗೆ ಚಿಪ್ಪಿಲ್ಲ. ಹಸಿದ ಮೀನುಗಳೂ ಏಡಿಗಳೂ ತುಂಬಿರುವ ಸಮುದ್ರದಲ್ಲಿ ಇಂಥ ಪ್ರಾಣಿ ಉಳಿದುಕೊಂಡದ್ದೇ ಒಂದು ವಿಸ್ಮಯ. ಉಳಿದದ್ದಷ್ಟೇ ಅಲ್ಲ, ಅದರ ಕುಲ ಸಾವಿರಕ್ಕೂ ಮಿಕ್ಕ ಪ್ರಭೇದಗಳಾಗಿ ಹರಡಿ ನಲವತ್ತು ಕೋಟಿ ವರ್ಷಗಳಿಂದ ಬಾಳಿಕೊಂಡು ಬಂದಿದೆ. ಕೆಲವು ಪ್ರಭೇದಗಳು ತಮ್ಮನ್ನು ಯಾರಾದರೂ ಕೆಣಕಿದಾಗ ಹಿಂಬದಿಯಿಂದ ಬಿಳಿಯ ಅಂಟು ನೂಲುಗಳನ್ನು ಎಸೆದು ಶತ್ರುವನ್ನು ಸುತ್ತಿಹಾಕುತ್ತವೆ. ಆ ನೂಲುಗಳಲ್ಲಿಯೂ, ಮೈಯ ತೊಗಲಿನಲ್ಲಿಯೂ ಅಡಗಿರುವುದು ವಿಷ.

೧೯೫೨ರಲ್ಲಿ ನ್ಯೂಯಾರ್ಕಿನ ಮತ್ಸ್ಯಾಲಯದ ವಿಜ್ಞಾನಿ ರಾಸ್ ನಿಗ್ರೆಲ್ಲಿ ಎಂಬಾತ ಬಹಾಮಾ ದ್ವೀಪಗಳ ಕಡಲ ಸೌತೆಯಿಂದ ತೆಗೆದ ಈ ವಿಷವನ್ನು ವರ್ಣಿಸಿ ಅದಕ್ಕೆ ‘ಹೋಲೊಥುರಿನ್’ ಎಂದು ಹೆಸರಿಟ್ಟ. ಮುಂದೆ ಅದನ್ನು ಬಿಡಿಸಿ ನೋಡಿದಾಗ ರಸಾಯನವಿಜ್ಞಾನಿಗಳಿಗೆ ಆಶ್ಚರ್ಯ ಕಾದಿತ್ತು. ಅದು ಸಪೋನಿನ್! ನಮ್ಮ ಅಂಟುವಾಳದಲ್ಲಿರುವ ವಸ್ತುವಿನ ಜಾತಿಗೇ ಸೇರಿದ್ದು. ಸಕ್ಕರೆಯ ಸರಪಳಿ ಒಂದು ಕಡೆ, ಇಂಗಾಲದ ಉಂಗುರಗಳು ಇನ್ನೊಂದು ಕಡೆ. ಸಪೋನಿನ್ ಎಂದರೆ ಗಿಡಮರಗಳ ಸೊತ್ತು ಎಂದು ಅಲ್ಲಿಯವರೆಗೆ ತಿಳಿಯಲಾಗಿತ್ತು. ಘಟ್ಟದ ಕಾಡಿನ ಒಂದು ಮರವೂ ಕಡಲತಳದ ಒಂದು ಪ್ರಾಣಿಯೂ ಪರಸ್ಪರ ಪರಿಚಯವಿಲ್ಲದೆಯೇ ಒಂದೇ ಬಗೆಯ ಆಯುಧವನ್ನು ಕಂಡುಕೊಂಡಿದ್ದವು.

ಈ ಆಯುಧ ನಾಟುವುದು ಎಲ್ಲಿ? ಕೋಶದ ಪೊರೆಯಲ್ಲಿ. ಅದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಪೊರೆಯ ರಚನೆಯನ್ನು ಸ್ವಲ್ಪ ನೋಡಬೇಕು.

೧೯೨೫ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ರಕ್ತದ ಕೆಂಪುಕಣಗಳಿಂದ ಕೊಬ್ಬಿನ ಅಂಶವನ್ನು ತೆಗೆದು ಅದನ್ನು ನೀರಿನ ಮೇಲೆ ಒಂದೇ ಅಣುವಿನ ದಪ್ಪದ ಹಾಳೆಯಾಗಿ ಹರಡಿದರು. ಹಾಗೆ ಹರಡಿದ ಕೊಬ್ಬಿನ ವಿಸ್ತೀರ್ಣ ಆ ಕಣಗಳ ಮೈಯ ವಿಸ್ತೀರ್ಣದ ಎರಡರಷ್ಟಾಯಿತು. ಆದ್ದರಿಂದ ಕಣವನ್ನು ಸುತ್ತಿರುವ ಪೊರೆ ಎರಡು ಅಣುಗಳ ದಪ್ಪದ್ದಿರಬೇಕು ಎಂದು ಅವರು ಹೇಳಿದರು. ಅವರ ಅಳತೆಯಲ್ಲಿ ಎರಡು ತಪ್ಪುಗಳಿದ್ದವು. ಅದೃಷ್ಟವಶಾತ್ ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿತು. ತೀರ್ಮಾನ ಮಾತ್ರ ಸರಿಯಾಗಿಯೇ ಇತ್ತು. ಈ ಕೊಬ್ಬಿನ ಅಣುವಿಗೆ ನೀರನ್ನು ಒಲಿಯುವ ಒಂದು ತಲೆ, ನೀರಿಗೆ ಅಂಜುವ ಎರಡು ಬಾಲ. ಹೊರಗಿನ ಸಾಲಿನ ತಲೆಗಳು ಹೊರಗಿನ ನೀರಿನ ಕಡೆಗೆ, ಒಳಗಿನ ಸಾಲಿನ ತಲೆಗಳು ಒಳಗಿನ ನೀರಿನ ಕಡೆಗೆ. ಬಾಲಗಳೆಲ್ಲ ನಡುವೆ ಒಂದಕ್ಕೊಂದು ಮುಖಮಾಡಿ ಅಡಗಿರುತ್ತವೆ. ಇದರ ದಪ್ಪ ಸುಮಾರು ೫ ನ್ಯಾನೋಮೀಟರ್. ನಾವು ಬರೆಯುವ ಕಾಗದದ ದಪ್ಪಕ್ಕೆ ಸರಿಗಟ್ಟಬೇಕಾದರೆ ಇಂಥ ಇಪ್ಪತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಬೇಕು.

೧೯೭೨ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಈ ಚಿತ್ರಕ್ಕೆ ಜೀವ ತುಂಬಿದರು. ಪೊರೆ ಕಲ್ಲಿನ ಗೋಡೆಯಲ್ಲ. ಅದೊಂದು ತೆಳುವಾದ ಎಣ್ಣೆಯ ಕೊಳ. ಅದರಲ್ಲಿ ಪ್ರೋಟೀನುಗಳು ದೋಣಿಗಳಂತೆ ತೇಲಾಡುತ್ತವೆ. ಆ ಪ್ರೋಟೀನುಗಳಲ್ಲಿ ಕೆಲವು ಬಾಗಿಲುಗಳು, ಕೆಲವು ನೀರೆತ್ತುವ ಯಂತ್ರದಂಥ ಪಂಪುಗಳು, ಕೆಲವು ಹೊರಗಿನ ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ದೂತರು. ಪ್ರಾಣಿಗಳ ಕೋಶದಲ್ಲಿ ಈ ಕೊಳ ತೀರ ಸಡಿಲವೂ ಆಗದಂತೆ, ತೀರ ಗಟ್ಟಿಯೂ ಆಗದಂತೆ ಹದವಾಗಿ ಇಡುವ ಒಂದು ವಸ್ತು ಕೊಬ್ಬಿನ ಅಣುಗಳ ನಡುನಡುವೆ ಸೇರಿಕೊಂಡಿರುತ್ತದೆ. ಅದರ ಹೆಸರು ನಿಮಗೆ ಗೊತ್ತು: ಕೊಲೆಸ್ಟರಾಲ್. ಹೃದಯರೋಗದ ವೈದ್ಯರ ಬಾಯಲ್ಲಿ ಅದು ಅಪರಾಧಿಯ ಹೆಸರು. ಆದರೆ ಅದಿಲ್ಲದೆ ನಮ್ಮ ಒಂದು ಕೋಶವೂ ನಿಲ್ಲಲಾರದು. ನಮ್ಮ ಕೋಶದ ಹೊರಪೊರೆಯ ಅಣುಗಳಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಕೊಲೆಸ್ಟರಾಲ್.

ಕಡಲ ಸೌತೆಯ ಸಪೋನಿನ್ ಹುಡುಕಿಕೊಂಡು ಬರುವುದು ಈ ಕೊಲೆಸ್ಟರಾಲನ್ನೇ. ಅದರ ಉಂಗುರಗಳ ಭಾಗ ಪೊರೆಯೊಳಕ್ಕೆ ನುಸುಳಿ ಕೊಲೆಸ್ಟರಾಲಿನ ಪಕ್ಕದಲ್ಲಿ ಒರಗುತ್ತದೆ. ಎರಡರ ಆಕಾರಕ್ಕೂ ಬಹಳ ಹೋಲಿಕೆಯಿದೆ. ಸಕ್ಕರೆಯ ಸರಪಳಿ ಮಾತ್ರ ಒಳಗೆ ಬರಲಾರದೆ ನೀರಿನಲ್ಲಿ ಉಳಿಯುತ್ತದೆ. ಹೀಗೆ ಒಂದರ ಹಿಂದೊಂದು ಜೋಡಿಗಳು ನೆರೆದಂತೆ ಆ ಜಾಗದಲ್ಲಿ ಪೊರೆ ಬಾಗುತ್ತದೆ, ಸುಕ್ಕಾಗುತ್ತದೆ, ಕೊನೆಗೆ ತೂತಾಗುತ್ತದೆ. ಇದು ಬರಿಯ ಊಹೆಯಲ್ಲ. ೧೯೬೨ರಲ್ಲಿ ಇಂಗ್ಲೆಂಡಿನ ಬ್ಯಾಂಗಮ್ ಮತ್ತು ಹಾರ್ನ್ ಎಂಬ ವಿಜ್ಞಾನಿಗಳು ಸಪೋನಿನ್ ಸೋಕಿದ ಪೊರೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ ಪೊರೆಯ ತುಂಬ ಕೆಲವೇ ನ್ಯಾನೋಮೀಟರ್ ಅಗಲದ ಕುಳಿಗಳು ಜೇನುಹಟ್ಟಿನ ಕಣ್ಣುಗಳಂತೆ ಸಾಲುಸಾಲಾಗಿ ಕಂಡವು.

ತೂತು ಬಿದ್ದ ಮೇಲೆ ಆಗುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಉಪ್ಪುನೀರಿನಲ್ಲಿ ಬೆರೆಸಿದ ರಕ್ತಕಣಗಳು ಗಾಜಿನ ನಳಿಕೆಯಲ್ಲಿ ಕದಡಿದ ಕೆಮ್ಮಣ್ಣಿನ ನೀರಿನಂತೆ ಕಾಣುತ್ತವೆ. ನಳಿಕೆಯ ಆಚೆ ಹಿಡಿದ ಅಕ್ಷರ ಓದಲು ಬರುವುದಿಲ್ಲ. ಅದಕ್ಕೆ ಸ್ವಲ್ಪ ಸಪೋನಿನ್ ಹಾಕಿ. ನೋಡನೋಡುತ್ತಿರುವಂತೆ ಮಬ್ಬು ಹರಿದು ನೀರು ಕುಂಕುಮ ಕಲಸಿದಂತೆ ಕೆಂಪಗೆ ತಿಳಿಯಾಗುತ್ತದೆ. ಅಕ್ಷರ ಸ್ಪಷ್ಟವಾಗುತ್ತದೆ. ನೋಟ ಚೆಲುವಾಗಿದೆ. ಆದರೆ ಆ ತಿಳಿ ಎಂದರೆ ಕೋಟ್ಯಂತರ ಕಣಗಳು ಒಡೆದು ಒಳಗಿನ ಬಣ್ಣವನ್ನು ಹೊರಗೆ ಚೆಲ್ಲಿವೆ ಎಂದೇ ಅರ್ಥ.

ಹಳ್ಳದ ಮೀನಿನ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು. ಮೀನಿನ ಕಿವಿರುಗಳಲ್ಲಿ ಜೀವಂತ ಕೋಶಗಳ ತೆಳುಪೊರೆ ನೇರವಾಗಿ ನೀರಿಗೆ ಮೈಯೊಡ್ಡಿ ನಿಂತಿರುತ್ತದೆ. ಅದರ ಮೂಲಕವೇ ಉಸಿರು. ಸಪೋನಿನ್ ಅಲ್ಲಿಗೆ ತಾಗಿದರೆ ಮೀನಿಗೆ ಉಸಿರಿಲ್ಲ. ನಮ್ಮ ತಲೆಯ ಚರ್ಮದ ಮೇಲ್ಪದರವಾದರೋ ಆಗಲೇ ಸತ್ತ ಕೋಶಗಳದ್ದು. ಸತ್ತವರನ್ನು ಮತ್ತೆ ಕೊಲ್ಲುವುದೇನು? ಆದರೆ ಅದೇ ಸೀಗೆಯ ನೀರು ಕಣ್ಣಿಗೆ ಹೋದಾಗ ಎಂಥ ಉರಿ ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿರುವುದು ಜೀವಂತ ಕೋಶ.

ಇಷ್ಟಾದ ಮೇಲೆ ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ. ನನ್ನ ಮಟ್ಟಿಗೆ ಈ ವಿಷಯದ ತಿರುಳೇ ಅದು. ಭಸ್ಮಾಸುರನ ಕಥೆ ನಮಗೆಲ್ಲ ತಿಳಿದದ್ದು. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಲಿ ಎಂಬ ವರವನ್ನು ಅವನು ಪಡೆದ. ತನ್ನ ತಲೆಗೊಂದು ರಕ್ಷೆಯನ್ನು ಬೇಡಲು ಮರೆತ. ಮೋಹಿನಿಯ ಎದುರು ಕುಣಿಯುತ್ತ ಕುಣಿಯುತ್ತ ತನ್ನ ಕೈಯನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಂಡ. ಕಡಲ ಸೌತೆಗೂ ಇದೇ ಗತಿ ಬರಬೇಕಾಗಿತ್ತಲ್ಲವೇ? ಅದೂ ಪ್ರಾಣಿ. ಅದರ ಮೈಯೂ ಕೋಶಗಳಿಂದ ಆದದ್ದು, ಕೋಶಗಳಿಗೆ ಪೊರೆ ಉಂಟು. ಪೊರೆ ಹರಿಯುವ ವಿಷವನ್ನು ತೊಗಲಿನ ತುಂಬ ತುಂಬಿಕೊಂಡ ಪ್ರಾಣಿ ತನ್ನ ಕೈಯಿಂದಲೇ ಏಕೆ ಸಾಯಲಿಲ್ಲ?

ಉತ್ತರ ಅದರ ಪೊರೆಯಲ್ಲಿಯೇ ಇದೆ. ರಷ್ಯದ ಪೂರ್ವತೀರದ ವ್ಲಾದಿವಸ್ತೋಕ್ ನಗರದಲ್ಲಿ ಎಲ್ಯಾಕೋವ್, ಸ್ಟೋನಿಕ್ ಮೊದಲಾದ ರಸಾಯನವಿಜ್ಞಾನಿಗಳು ದಶಕಗಳ ಕಾಲ ಈ ಪ್ರಾಣಿಗಳನ್ನು ಅಭ್ಯಾಸಮಾಡಿದರು. ಅಂಥ ಅಧ್ಯಯನಗಳಿಂದ ತಿಳಿದುಬಂದದ್ದು ಇದು: ಕಡಲ ಸೌತೆಯ ಪೊರೆಯಲ್ಲಿ ಕೊಲೆಸ್ಟರಾಲ್ ಬಹಳ ಕಡಮೆ. ಅದರ ಜಾಗದಲ್ಲಿ ಕೊಲೆಸ್ಟರಾಲನ್ನು ಹೋಲುವ, ಆದರೆ ಅದೇ ಅಲ್ಲದ ಬೇರೆ ಸ್ಟಿರಾಲುಗಳಿವೆ. ಕೆಲವದರಲ್ಲಿ ಇಂಗಾಲದ ಉಂಗುರದ ಒಂದು ಜೋಡಿಬಂಧ ಇರಬೇಕಾದ ಕಡೆ ಇಲ್ಲದೆ ಪಕ್ಕದ ಮನೆಗೆ ಸರಿದಿದೆ. ಇನ್ನು ಕೆಲವದರ ತಲೆಗೆ ಗಂಧಕದ ಒಂದು ಗುಂಪೋ ಒಂದು ಸಕ್ಕರೆಯೋ ಟೊಪ್ಪಿಗೆಯಂತೆ ಕುಳಿತಿದೆ. ಪೊರೆಯನ್ನು ಹದವಾಗಿಡುವ ಕೆಲಸಕ್ಕೆ ಇವು ಸಾಕು. ಆದರೆ ಸಪೋನಿನ್ನಿನ ಹಿಡಿತಕ್ಕೆ ಇವು ಸುಲಭವಾಗಿ ಸಿಕ್ಕುವುದಿಲ್ಲ. ನಮ್ಮ ಕಣ್ಣಿಗೆ ಕಾಣುವಂತೆ ಹೇಳುವುದಾದರೆ, ಬಾಗಿಲ ಬೀಗದ ಒಂದು ಹಲ್ಲನ್ನಷ್ಟೇ ಬದಲಿಸಿ ಕಳ್ಳನ ಬೀಗದಕೈ ತಿರುಗದಂತೆ ಮಾಡಿದ ಹಾಗೆ. ಕಡಲ ಸೌತೆಯ ಬಂಧುವಾದ ನಕ್ಷತ್ರಮೀನೂ ಸಪೋನಿನ್ ಉಳ್ಳದ್ದು. ಅದರ ಪೊರೆಯಲ್ಲಿಯೂ ಇದೇ ಬಗೆಯ ಮಾರ್ಪಾಡು ಕಾಣುತ್ತದೆ.

ಈ ಕಥೆಗೆ ಇನ್ನೊಂದು ಅಧ್ಯಾಯ ೨೦೨೨ರಲ್ಲಿ ಸೇರಿತು. ಕಡಲ ಸೌತೆಯ ಜೀನುಗಳನ್ನು ಓದಿದ ವಿಜ್ಞಾನಿಗಳಿಗೆ, ಬೇರೆ ಪ್ರಾಣಿಗಳಲ್ಲಿ ಕೊಲೆಸ್ಟರಾಲಿನ ದಾರಿಯನ್ನು ತೆರೆದುಕೊಡುವ ಒಂದು ಮುಖ್ಯ ಕಿಣ್ವ ಇಲ್ಲಿ ಎಂದಿನ ರೂಪದಲ್ಲಿ ಇಲ್ಲದಿರುವುದು ಕಂಡಿತು. ಅದು ಮಾರ್ಪಟ್ಟು ಬೇರೆ ಕೆಲಸಕ್ಕೆ ತೊಡಗಿದೆ. ಆ ಮಾರ್ಪಾಟಿನಿಂದಲೇ ಒಂದು ಕಡೆ ವಿಷ ಹುಟ್ಟಿತು, ಇನ್ನೊಂದು ಕಡೆ ವಿಷಕ್ಕೆ ಜಗ್ಗದ ಸ್ಟಿರಾಲುಗಳು ಹುಟ್ಟಿದವು. ಕತ್ತಿಯನ್ನೂ ಕವಚವನ್ನೂ ಒಂದೇ ಕುಲುಮೆಯಲ್ಲಿ ಕಾಯಿಸಿ ಬಡಿದಂತಾಯಿತು. ಭಸ್ಮಾಸುರ ಮರೆತದ್ದನ್ನು ಮಿದುಳೇ ಇಲ್ಲದ ಈ ಪ್ರಾಣಿ ಮರೆಯಲಿಲ್ಲ.

ಇದು ಕಡಲ ಸೌತೆಯೊಂದರ ಜಾಣತನವೇನೂ ಅಲ್ಲ. ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವ ಒಂದು ಮೀನಿನ ಕುಲವುಂಟು. ಜಪಾನೀಯರು ಅದನ್ನು ‘ಫುಗು’ ಎನ್ನುತ್ತಾರೆ. ೧೭೭೪ರ ಸೆಪ್ಟೆಂಬರಿನಲ್ಲಿ ನಾವಿಕ ಜೇಮ್ಸ್ ಕುಕ್ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಈ ಜಾತಿಯ ಮೀನಿನ ಯಕೃತ್ತು ಮತ್ತು ತತ್ತಿಗಳನ್ನು ರುಚಿ ನೋಡುವಷ್ಟು ಮಾತ್ರ ತಿಂದ. ಬೆಳಗಿನ ಜಾವಕ್ಕೆ ಅವನ ಕೈಕಾಲುಗಳು ಜೋಮು ಹಿಡಿದವು. ಹಕ್ಕಿಯ ಗರಿಗೂ ನೀರು ತುಂಬಿದ ಪಾತ್ರೆಗೂ ತೂಕದ ವ್ಯತ್ಯಾಸ ತಿಳಿಯದಂತಾಯಿತು. ಅವನು ಬದುಕಿದ. ಆ ಮೀನಿನ ಕರುಳನ್ನು ತಿಂದ ಹಂದಿ ಸತ್ತಿತು. ಆ ವಿಷ ಟೆಟ್ರೊಡೊಟಾಕ್ಸಿನ್. ಮನುಷ್ಯನನ್ನು ಕೊಲ್ಲಲು ಒಂದೆರಡು ಮಿಲಿಗ್ರಾಂ ಸಾಕು.

ಈ ವಿಷ ಪೊರೆಯನ್ನು ಹರಿಯುವುದಿಲ್ಲ. ನರದ ಕೋಶದ ಪೊರೆಯಲ್ಲಿ ಸೋಡಿಯಂ ಕಣಗಳಿಗೆ ದಾರಿ ಬಿಡುವ ಬಾಗಿಲುಗಳಿವೆ. ಅವು ತೆರೆದುಕೊಂಡಾಗ ಮಾತ್ರ ನರದಲ್ಲಿ ಸಂದೇಶ ಹರಿಯುತ್ತದೆ. ಟೆಟ್ರೊಡೊಟಾಕ್ಸಿನ್ ಆ ಬಾಗಿಲಿನ ಬಾಯಿಗೆ ಬಿರಡೆಯಂತೆ ಕುಳಿತುಬಿಡುತ್ತದೆ. ನರ ಮಾತಾಡುವುದಿಲ್ಲ, ಸ್ನಾಯು ಕೇಳುವುದಿಲ್ಲ, ಕೊನೆಗೆ ಉಸಿರಾಟ ನಿಲ್ಲುತ್ತದೆ. ೧೯೬೪ರಲ್ಲಿ ತೊಶಿಯೊ ನರಹಾಶಿ ಮತ್ತು ಸಂಗಡಿಗರು ಇದನ್ನು ಕಡಲಿನದೇ ಇನ್ನೊಂದು ಪ್ರಾಣಿಯಾದ ಲಾಬ್‌ಸ್ಟರಿನ ದಪ್ಪ ನರತಂತುವಿನಲ್ಲಿ ತೋರಿಸಿಕೊಟ್ಟರು. ಆ ಮೀನು ಈ ವಿಷವನ್ನು ತಾನೇ ತಯಾರಿಸುವುದಿಲ್ಲ. ಕಡಲಿನ ಬ್ಯಾಕ್ಟೀರಿಯಗಳು ತಯಾರಿಸಿದ್ದು ಆಹಾರದ ಮೂಲಕ ಅದರ ಮೈಗೆ ಬಂದು ಸೇರುತ್ತದೆ. ಮೀನು ಅದನ್ನು ತಾಳಿಕೊಳ್ಳುವುದಾದರೂ ಹೇಗೆ? ಅದರ ಸೋಡಿಯಂ ಬಾಗಿಲಿನ ಪ್ರೋಟೀನಿನಲ್ಲಿ, ವಿಷ ಬಂದು ಕೂರುವ ಜಾಗದ ಒಂದು ಅಮೈನೋ ಆಮ್ಲ ಬದಲಾಗಿದೆ. ಸಾವಿರಾರು ಮಣಿಗಳ ಹಾರದಲ್ಲಿ ಒಂದು ಮಣಿ ಬೇರೆ. ಅಷ್ಟರಿಂದಲೇ ಬಿರಡೆ ಬಾಯಿಗೆ ಕೂರುವುದಿಲ್ಲ.

ಈ ಎರಡು ಪ್ರಾಣಿಗಳಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಯಾವುದೇ ವಸ್ತು ತನ್ನಷ್ಟಕ್ಕೆ ತಾನೇ ವಿಷವೂ ಅಲ್ಲ, ಮದ್ದೂ ಅಲ್ಲ. ಅದಕ್ಕೂ ಅದು ತಾಗುವ ಪೊರೆಗೂ ಇರುವ ಸಂಬಂಧದಲ್ಲಿ ವಿಷ ಹುಟ್ಟುತ್ತದೆ. ಎರಡು ಪೊರೆಗಳ ನಡುವಣ ಒಂದು ಸಣ್ಣ ವ್ಯತ್ಯಾಸವನ್ನು ಗುರುತಿಸಬಲ್ಲ ವಸ್ತು ಮಾತ್ರ ಮದ್ದಾಗಬಲ್ಲದು.

ಈ ಮಾತಿನ ಬೆಲೆ ಎಷ್ಟೆಂಬುದನ್ನು ನಾವು ೨೦೨೧ರಲ್ಲಿ ಕಂಡೆವು. ಕೋವಿಡ್ ಬಂದು ಹೋದವರಲ್ಲಿ ಕೆಲವರಿಗೆ ಕಪ್ಪು ಶಿಲೀಂಧ್ರದ ರೋಗ ತಗಲಿ, ನಮ್ಮ ಊರುಗಳಲ್ಲಿ ಜನ ಆಂಫೊಟೆರಿಸಿನ್ ಎಂಬ ಔಷಧಕ್ಕಾಗಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದರು. ಅದು ಕಡಲಿನದಲ್ಲ, ವೆನೆಜುವೆಲಾ ದೇಶದ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯದ ಕೊಡುಗೆ. ಆದರೆ ಅದರ ಯುಕ್ತಿ ಕಡಲ ಸೌತೆಯದೇ. ಶಿಲೀಂಧ್ರದ ಪೊರೆಯಲ್ಲಿ ಕೊಲೆಸ್ಟರಾಲ್ ಬದಲು ಎರ್ಗೊಸ್ಟಿರಾಲ್ ಇದೆ. ಆಂಫೊಟೆರಿಸಿನ್ ಎರ್ಗೊಸ್ಟಿರಾಲನ್ನು ಬಲವಾಗಿ ಹಿಡಿದು ಆ ಪೊರೆಯನ್ನು ಕೆಡಿಸುತ್ತದೆ. ಕೊಲೆಸ್ಟರಾಲಿನ ಮೇಲೆ ಅದರ ಹಿಡಿತ ಸಡಿಲ. ಸಡಿಲವೇ ಹೊರತು ಇಲ್ಲವೆಂದಲ್ಲ. ಆದ್ದರಿಂದಲೇ ರೋಗಿಯ ಮೂತ್ರಪಿಂಡಗಳಿಗೂ ಅದರ ಏಟು ಬೀಳುತ್ತದೆ. ಆ ಏಟನ್ನು ಕಡಮೆ ಮಾಡಲು ಔಷಧವನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ, ಎಂದರೆ ಲಿಪೊಸೋಮುಗಳಲ್ಲಿ ಇಟ್ಟು ಕೊಡುತ್ತಾರೆ. ಆ ಗುಳ್ಳೆಗಳು ಕೃತಕ ಪೊರೆಗಳೇ. ಅವನ್ನು ೧೯೬೦ರ ದಶಕದಲ್ಲಿ ಕಂಡುಹಿಡಿದಾತ, ಸಪೋನಿನ್ ತೋಡಿದ ಕುಳಿಗಳನ್ನು ನೋಡಿದ್ದ ಅದೇ ಬ್ಯಾಂಗಮ್.

ಬಾಗಿಲುಗಳ ವಿಷಯದಲ್ಲಿಯೂ ಹೀಗೆಯೇ. ಪೆಸಿಫಿಕ್ ಸಾಗರದ ಒಂದು ಶಂಕುವಿನಾಕಾರದ ಬಸವನಹುಳು ಮೀನನ್ನು ವಿಷದ ಈಟಿಯಿಂದ ಚುಚ್ಚಿ ಬೇಟೆಯಾಡುತ್ತದೆ. ಫಿಲಿಪೀನ್ಸ್ ಮೂಲದ ವಿಜ್ಞಾನಿ ಬಾಲ್ಡೊಮೆರೊ ಒಲಿವೆರಾ ಮತ್ತು ಅವರ ಸಂಗಡಿಗರು ಅದರ ವಿಷವನ್ನು ಬಿಡಿಸಿ ನೋಡಿದಾಗ ಅದರಲ್ಲಿದ್ದ ಒಂದು ಅಂಶ, ನೋವಿನ ಸುದ್ದಿಯನ್ನು ಸಾಗಿಸುವ ನರಗಳ ಒಂದು ಬಗೆಯ ಕ್ಯಾಲ್ಸಿಯಂ ಬಾಗಿಲನ್ನಷ್ಟೇ ಆರಿಸಿ ಮುಚ್ಚುತ್ತದೆ ಎಂದು ತಿಳಿಯಿತು. ೨೦೦೪ರಲ್ಲಿ ಅದು ಝಿಕೊನೊಟೈಡ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಪಡೆಯಿತು. ಬೇರಾವ ಮದ್ದಿಗೂ ಬಗ್ಗದ ಕಡುನೋವಿಗೆ ಅದನ್ನು ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಹನಿಸುತ್ತಾರೆ. ಆರಿಸುವ ಗುಣ ಇದ್ದುದರಿಂದ ವಿಷ ಮದ್ದಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕಡಲ ಸೌತೆಯ ಸಾರ ಕ್ಯಾನ್ಸರಿಗೆ ಮದ್ದು ಎಂಬ ಸುದ್ದಿ ಆಗಾಗ ಹರಡುತ್ತದೆ. ಗುಳಿಗೆಗಳನ್ನು ಮಾರುವವರೂ ಇದ್ದಾರೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಹೋಲೊಥುರಿನ್ ಕೊಲ್ಲುತ್ತದೆ ಎಂಬುದು ಸುಳ್ಳಲ್ಲ. ನಿಗ್ರೆಲ್ಲಿ ೧೯೫೨ರಲ್ಲೇ ಗಂತಿಯುಳ್ಳ ಇಲಿಗಳ ಮೇಲೆ ಅದನ್ನು ಪ್ರಯೋಗಿಸಿದ್ದ. ಆದರೆ ಕೊಲೆಸ್ಟರಾಲ್ ಉಳ್ಳ ಯಾವ ಪೊರೆಯನ್ನಾದರೂ ಹರಿಯುವ ವಸ್ತುವಿಗೆ ಕ್ಯಾನ್ಸರ್ ಕೋಶ ಯಾವುದು, ನೆತ್ತರಿನ ಕಣ ಯಾವುದು ಎಂಬ ಭೇದ ಸುಲಭವಾಗಿ ತಿಳಿಯದು. ತಟ್ಟೆಯಲ್ಲಿರುವ ಕೋಶವನ್ನು ಸಾಬೂನೂ ಕೊಲ್ಲುತ್ತದೆ. ಏಳು ದಶಕಗಳಾದರೂ ಹೋಲೊಥುರಿನ್ ಕ್ಯಾನ್ಸರಿನ ಮದ್ದಾಗಿ ರೋಗಿಯ ಹಾಸಿಗೆಯ ಬಳಿಗೆ ಬರಲಾಗದಿರುವುದಕ್ಕೆ ಇದು ದೊಡ್ಡ ಕಾರಣ. ಅಣುವಿನಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡಿ ಅದಕ್ಕೆ ಆರಿಸುವ ಗುಣವನ್ನು ಕಲಿಸಬಹುದೇ ಎಂದು ವಿಜ್ಞಾನಿಗಳು ನೋಡುತ್ತಿದ್ದಾರೆ. ಅದು ಆಗುವವರೆಗೆ, ಕಷ್ಟದಲ್ಲಿರುವ ಮನೆಯವರು ಅಂಥ ಗುಳಿಗೆಗೆ ಹಣವನ್ನೂ ಅದಕ್ಕಿಂತ ಅಮೂಲ್ಯವಾದ ಸಮಯವನ್ನೂ ಕಳೆದುಕೊಳ್ಳಬಾರದು.

ಕೊನೆಯದಾಗಿ ಆ ಪ್ರಾಣಿಯ ಪಾಡನ್ನೂ ನೆನೆಯೋಣ. ಮೀನನ್ನೂ ಏಡಿಯನ್ನೂ ದೂರವಿಟ್ಟ ವಿಷ ಮನುಷ್ಯನ ಮುಂದೆ ಸೋತಿತು. ಸಪೋನಿನ್ನಿನ ಬಹುಭಾಗ ಕುದಿಯುವ ನೀರಿನಲ್ಲಿ ಬಿಟ್ಟುಹೋಗುತ್ತದೆ. ಕಡಲ ಸೌತೆಯನ್ನು ಬೇಯಿಸಿ, ಒಣಗಿಸಿ ತಿನ್ನುವುದು ಚೀನೀಯರಲ್ಲಿ ಹಬ್ಬದೂಟದ ಮರ್ಯಾದೆ. ಆ ಬೇಡಿಕೆಗಾಗಿ ಮನ್ನಾರ್ ಕೊಲ್ಲಿಯಲ್ಲಿಯೂ ಪಾಕ್ ಕೊಲ್ಲಿಯಲ್ಲಿಯೂ ನಮ್ಮ ಬೆಸ್ತರು ತಲೆಮಾರುಗಳಿಂದ ಮುಳುಗಿ ಅದನ್ನು ಆರಿಸಿ ತಂದರು. ಅದು ತೀರ ಅಪರೂಪವಾಗುತ್ತ ಬಂದಾಗ ೨೦೦೧ರಲ್ಲಿ ಭಾರತ ಸರ್ಕಾರ ಕಡಲ ಸೌತೆಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಿ ಅವನ್ನು ಹಿಡಿಯುವುದನ್ನೇ ನಿ‍ಷೇಧಿಸಿತು. ಹುಲಿಯೂ ಕಡಲ ಸೌತೆಯೂ ಒಂದೇ ಪಟ್ಟಿಯಲ್ಲಿ! ಅದಕ್ಕೂ ಮೊದಲೇ, ೧೯೮೮ರಲ್ಲಿ, ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ತೂತ್ತುಕುಡಿ ಕೇಂದ್ರದಲ್ಲಿ ಇದರ ಮರಿಗಳನ್ನು ತೊಟ್ಟಿಯಲ್ಲಿ ಬೆಳೆಸುವುದು ಸಾಧ್ಯವಾಗಿತ್ತು. ಬೇಟೆಯನ್ನೇ ನಂಬಿದ್ದ ಬಡ ಬೆಸ್ತನಿಗೆ ಆ ಕಾಯಿದೆಯಿಂದ ಕಷ್ಟವಾಯಿತು ಎಂಬುದನ್ನೂ ಮರೆಯುವಂತಿಲ್ಲ. ಪ್ರಾಣಿಯನ್ನೂ ಬೆಸ್ತನನ್ನೂ ಕೂಡಿಯೇ ಕಾಪಾಡುವ ದಾರಿಯನ್ನು ನಾವು ಕಂಡುಕೊಳ್ಳಬೇಕಾಗಿದೆ.

ಕಡಲತಳದ ಮರಳನ್ನು ಜಾಲಿಸಿ ಹಸನು ಮಾಡುತ್ತ, ಯಾರ ಗೊಡವೆಗೂ ಹೋಗದೆ ಬದುಕುವ ಈ ಪ್ರಾಣಿ ನಮ್ಮ ಪೊರೆಯ ಗುಟ್ಟನ್ನು ನಮಗೆ ತಿಳಿಸಿಕೊಟ್ಟಿತು. ಇನ್ನೊಮ್ಮೆ ಅಂಟುವಾಳದ ನೊರೆ ಕೈಗೆ ಹತ್ತಿದಾಗ ಅದನ್ನು ಒಂದು ಗಳಿಗೆ ನೋಡಿ. ಅದೇ ಜಾತಿಯ ನೊರೆಯನ್ನು ಮೈತುಂಬ ಹೊತ್ತ ಜೀವವೊಂದು, ಅದು ತನ್ನನ್ನೇ ಕೊಲ್ಲದಂತೆ ಕೋಶ ಕೋಶದ ಗೋಡೆಯನ್ನೂ ಬದಲಿಸಿಕೊಂಡು, ಕಡಲಿನಲ್ಲಿ ಮೆಲ್ಲಮೆಲ್ಲನೆ ತೆವಳುತ್ತಿದೆ. ಅದರ ಪೊರೆ ಅದನ್ನು ಪೊರೆಯಿತು. ಇನ್ನು ಮುಂದೆ ಅದನ್ನು ಪೊರೆಯುವ ಭಾರ ನಮ್ಮದು.